ಒಬ್ಬ ವಿಜ್ಞಾನಿಯ ಉಲ್ಲೇಖಗಳ ಲೆಕ್ಕ ತೆಗೆದ ಬಗೆ: ನನ್ನ ಅನುಭವ

ಪೆಪ್ಟೈಡ್ ಹಾರ್ಮೋನುಗಳ ರಿಸೆಪ್ಟರ್‌ಗಳ (ಕೋಶದಲ್ಲಿ ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನುಗಳ) ಮೇಲೆ ಮೂರು ದಶಕಗಳಿಗೂ ಹೆಚ್ಚು ಕಾಲ ಕೆಲಸ ಮಾಡಿ ನಿವೃತ್ತರಾದ ಜೀವರಸಾಯನ ವಿಜ್ಞಾನಿಯೊಬ್ಬರ ಪ್ರಕಟಣೆಗಳ ಪೂರ್ಣ ಪಟ್ಟಿಯನ್ನೂ, ಆ ಪ್ರಕಟಣೆಗಳನ್ನು ಉಳಿದವರು ಎಲ್ಲೆಲ್ಲಿ, ಏತಕ್ಕಾಗಿ ಉಲ್ಲೇಖಿಸಿದ್ದಾರೆ ಎಂಬುದರ ವಿವರವನ್ನೂ ಸಿದ್ಧಪಡಿಸುವ ಕೆಲಸ ಮುಂಬಯಿಯ ಗ್ರಂಥಾಲಯವೊಂದರಲ್ಲಿ ಮಾಹಿತಿ ಅಧಿಕಾರಿಯಾಗಿರುವ ನನ್ನ ಪಾಲಿಗೆ ಬಂತು. ಅವರ ಹೆಸರನ್ನು ಒಂದು ಪುರಸ್ಕಾರಕ್ಕೆ ಶಿಫಾರಸು ಮಾಡಬೇಕೆಂದು ಅವರ ಹಳೆಯ ವಿದ್ಯಾರ್ಥಿಗಳು ನಿಶ್ಚಯಿಸಿದ್ದರು. ಅರ್ಜಿಯ ನಮೂನೆಯಲ್ಲಿ ಇದಕ್ಕೆಂದು ಇದ್ದದ್ದು ನಾಲ್ಕೇ ಅಂಕಣಗಳು: ಒಟ್ಟು ಪ್ರಬಂಧಗಳು, ಒಟ್ಟು ಉಲ್ಲೇಖಗಳು, ಎಚ್-ಇಂಡೆಕ್ಸ್ ಮತ್ತು ಇಂಪ್ಯಾಕ್ಟ್ ಫ್ಯಾಕ್ಟರ್‌ಗಳ ಮೊತ್ತ. ಮೊದಲ ಮೂರನ್ನು ತುಂಬಿದೆ. ನಾಲ್ಕನೆಯದನ್ನು ಖಾಲಿ ಬಿಟ್ಟು ಕಾರಣ ಬರೆದೆ. ಯಾರೂ ಕೇಳದಿದ್ದ ಐದನೆಯದೊಂದನ್ನು ಬೇರೆ ಹಾಳೆಗಳಲ್ಲಿ ಲಗತ್ತಿಸಿದೆ. ಪ್ರತಿಯೊಂದು ಮುಖ್ಯ ಪ್ರಬಂಧವನ್ನು ಬೇರೆಯವರು ಯಾವ ಕೆಲಸಕ್ಕೆ ಬಳಸಿಕೊಂಡರು ಎಂಬ ವಿಂಗಡಣೆ ಆ ಹಾಳೆಗಳಲ್ಲಿತ್ತು. ಅದಿಲ್ಲದೆ ಉಳಿದ ಸಂಖ್ಯೆಗಳನ್ನು ಓದಲು ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಹಾಗೇಕೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿದದ್ದು ಹೆಸರುಗಳ ಸಿಕ್ಕು ಬಿಡಿಸುವುದಕ್ಕೆ. ಅವರು ಧಾರವಾಡದ ಕಡೆಯವರು. ಜೋಶಿ, ಕುಲಕರ್ಣಿ, ದೇಸಾಯಿಗಳಂತೆ ಅವರ ಅಡ್ಡಹೆಸರೂ ಕರ್ನಾಟಕ, ಮಹಾರಾಷ್ಟ್ರಗಳೆರಡಕ್ಕೂ ಸಲ್ಲುವಂಥದು. ಹೀಗಾಗಿ ಮುಂಬಯಿ, ಪುಣೆಗಳ ಪ್ರಯೋಗಾಲಯಗಳಲ್ಲಿ ಮತ್ತು ಆಸ್ಪತ್ರೆಗಳಲ್ಲಿ ಅದೇ ಅಡ್ಡಹೆಸರಿನ, ಅದೇ ಎರಡು ಮೊದಲಕ್ಷರಗಳ ಲೇಖಕರು ಹಲವರಿದ್ದರು. ಡೇಟಾಬೇಸಿನಲ್ಲಿ ಹೆಸರು ಕೊಟ್ಟು ಹುಡುಕಿದರೆ ಮೂಳೆ ಶಸ್ತ್ರಚಿಕಿತ್ಸೆ, ಕಬ್ಬಿನ ರೋಗ, ಪಾಲಿಮರ್ ರಸಾಯನ ಎಲ್ಲವೂ ಒಂದೇ ಲೇಖಕರ ತಲೆಗೆ ಕಟ್ಟಿಕೊಂಡು ಬರುತ್ತಿದ್ದವು. ಅವರ ಮುಖ್ಯ ಸಹಲೇಖಕಿಯದು ಇದಕ್ಕೆ ತಿರುವುಮುರುವಾದ ತೊಡಕು. ಅವರು ಹಳೆ ಮೈಸೂರಿನವರಾದ್ದರಿಂದ ಅಡ್ಡಹೆಸರು ಎಂಬುದೇ ಇರಲಿಲ್ಲ. ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳು ಮುಂದೆ, ಸ್ವಂತ ಹೆಸರು ಕೊನೆಯಲ್ಲಿ. ಒಂದು ಜರ್ನಲ್ ಸ್ವಂತ ಹೆಸರನ್ನೇ ಅಡ್ಡಹೆಸರೆಂದು ತೆಗೆದುಕೊಂಡಿತ್ತು, ಇನ್ನೊಂದು ಮೊದಲಕ್ಷರವನ್ನು ಬಿಡಿಸಿ ಊರಿನ ಹೆಸರಿನಡಿ ದಾಖಲಿಸಿತ್ತು, ಮದುವೆಯಾದ ಮೇಲಿನ ಪ್ರಬಂಧಗಳಲ್ಲಿ ಪತಿಯ ಹೆಸರು ಸೇರಿಕೊಂಡಿತ್ತು. ಪುರುಷ ಲೇಖಕರ ಪ್ರಕಟಣೆಗಳು ಒಂದೆಡೆ ಗುಂಪಾಗಿ ಕಾಣಿಸುವಾಗ ಇಂಥ ಹೆಂಗಸರ ಕೆಲಸ ಹಲವು ಹೆಸರುಗಳಲ್ಲಿ ಚದುರಿಹೋಗುವುದನ್ನು ನಮ್ಮ ಕಡೆಯ ಪಟ್ಟಿಗಳಲ್ಲಿ ಮತ್ತೆ ಮತ್ತೆ ನೋಡಿದ್ದೇನೆ.

ನಾನು ಇಟ್ಟುಕೊಂಡ ನಿಯಮ ಸರಳವಾದದ್ದು. ವಿಷಯ, ವಿಳಾಸ, ಸಹಲೇಖಕರು ಈ ಮೂರರಲ್ಲಿ ಎರಡಾದರೂ ತಾಳೆಯಾದರೆ ಮಾತ್ರ ಪ್ರಬಂಧ ಪಟ್ಟಿಗೆ ಸೇರುತ್ತದೆ. ಅನುಮಾನವಿದ್ದದ್ದನ್ನು ಆ ವಿಜ್ಞಾನಿಯ ಮುಂದೆಯೇ ಇಟ್ಟು ಕೇಳಬೇಕು. ವಿಳಾಸದ ಹೋಲಿಕೆಯೂ ಸುಲಭವಲ್ಲ. ಬಾಂಬೆ 1995ರಲ್ಲಿ ಮುಂಬಯಿ ಆಯಿತು, ಮರುವರ್ಷ ವಿಶ್ವವಿದ್ಯಾಲಯದ ಹೆಸರೂ ಬದಲಾಯಿತು. ಪೂನಾ ವಿಶ್ವವಿದ್ಯಾಲಯ ಪುಣೆ ವಿಶ್ವವಿದ್ಯಾಲಯವಾಗಿ, 2014ರಲ್ಲಿ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯವಾಯಿತು. ಸಂಶೋಧನಾ ಸಂಸ್ಥೆಗಳ ಹೆಸರುಗಳೂ ಕಾಲಕಾಲಕ್ಕೆ ಬದಲಾಗಿವೆ. ಬದಲಾಗದೆ ಉಳಿದದ್ದು ಪಿನ್ ಕೋಡ್ ಒಂದೇ. 1972ರಲ್ಲಿ ಜಾರಿಗೆ ಬಂದ ಆ ಆರು ಅಂಕಿಗಳು ನಮ್ಮ ವಿಜ್ಞಾನಿಗಳ ವಿಳಾಸಗಳಲ್ಲಿ ತಪ್ಪದೆ ಇರುತ್ತವೆ. ಆದ್ದರಿಂದ ಅವರ ಸಂಸ್ಥೆಯಿದ್ದ ಪರೇಲ್‌ನ 400 012 ಎಂಬುದನ್ನೇ ಹಿಡಿದು ಶೋಧಿಸಿದಾಗ ಸಂಸ್ಥೆಯ ಹೆಸರು ತಪ್ಪಾಗಿ ಅಚ್ಚಾದ ಪ್ರಬಂಧಗಳೂ ಸಿಕ್ಕವು. ಆದರೆ ಕೆಇಎಂ ಆಸ್ಪತ್ರೆ, ಟಾಟಾ ಮೆಮೋರಿಯಲ್, ಹಾಫ್‌ಕಿನ್ ಸಂಸ್ಥೆ ಎಲ್ಲವೂ ಅದೇ ಪಿನ್ ಕೋಡಿನ ನೆರೆಹೊರೆಯವರು. ಅಲ್ಲಿನ ಸಮಾನನಾಮಧೇಯ ವೈದ್ಯರನ್ನು ಬೇರ್ಪಡಿಸಲು ಮತ್ತೆ ಶೀರ್ಷಿಕೆಗಳನ್ನು ಒಂದೊಂದಾಗಿ ಓದಲೇಬೇಕಾಯಿತು. 2012ರಲ್ಲಿ ಆರಂಭವಾದ ಆರ್ಕಿಡ್ ಎಂಬ ಹದಿನಾರು ಅಂಕಿಗಳ ಲೇಖಕ ಗುರುತು ಈಗಿನ ಯುವಕರಿಗೆ ಈ ಕಷ್ಟವನ್ನು ಬಹುಮಟ್ಟಿಗೆ ತಪ್ಪಿಸಿದೆ. ಅದು ಬರುವ ಮೊದಲೇ ಬರೆದು ಮುಗಿಸಿದವರ ಪ್ರಬಂಧಗಳನ್ನು ಮಾತ್ರ ಯಾರಾದರೂ ಕುಳಿತು ಕೈಯಾರೆ ಜೋಡಿಸಬೇಕು.

ಪಟ್ಟಿ ಸಿದ್ಧವಾದ ಮೇಲೆ ಉಲ್ಲೇಖಗಳ ಎಣಿಕೆ. ಯಾವ ಪ್ರಬಂಧವನ್ನು ಮುಂದೆ ಯಾರು ಯಾರು ಉಲ್ಲೇಖಿಸಿದರು ಎಂಬುದನ್ನು ಸೂಚಿಯಾಗಿ ಜೋಡಿಸಬಹುದೆಂದು ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರತಿಪಾದಿಸಿದರು. 1960ರ ದಶಕದಲ್ಲಿ ಅವರ ಸಂಸ್ಥೆಯೇ ಸೈನ್ಸ್ ಸೈಟೇಶನ್ ಇಂಡೆಕ್ಸ್ ಹೊರತಂದಿತು. ಇಂದಿನ ವೆಬ್ ಆಫ್ ಸೈನ್ಸ್ ಅದರ ಮುಂದುವರಿಕೆ. ಸ್ಕೋಪಸ್ ಮತ್ತು ಗೂಗಲ್ ಸ್ಕಾಲರ್ ಎರಡೂ 2004ರಲ್ಲಿ ಬಂದವು. ಒಬ್ಬರೇ ವಿಜ್ಞಾನಿಗೆ ಈ ಮೂರೂ ಮೂರು ಬೇರೆ ಸಂಖ್ಯೆಗಳನ್ನು ಕೊಡುತ್ತವೆ, ಮತ್ತು ಅದಕ್ಕೆ ಕಾರಣಗಳೂ ಸ್ಪಷ್ಟವಾಗಿವೆ. ಸ್ಕೋಪಸ್‌ನಲ್ಲಿ ಮೊದಲಿಗೆ 1996ರಿಂದೀಚಿನ ಲೇಖನಗಳ ಆಕರಪಟ್ಟಿಗಳಷ್ಟೇ ಇದ್ದು, ಅವುಗಳನ್ನು 1970ರವರೆಗೆ ಹಿಂದಕ್ಕೆ ವಿಸ್ತರಿಸುವ ಕೆಲಸ ಬಹಳ ತಡವಾಗಿ ನಡೆಯಿತು. ಎಂಬತ್ತರ ದಶಕದಲ್ಲಿ ಬರೆದು, ಎಂಬತ್ತರ ದಶಕದಲ್ಲೇ ಹೆಚ್ಚು ಓದಿಸಿಕೊಂಡವರಿಗೆ ಇಂಥ ಕೊರತೆ ನೇರವಾಗಿ ತಟ್ಟುತ್ತದೆ. ಗೂಗಲ್ ಸ್ಕಾಲರ್ ಪಿಎಚ್‌ಡಿ ಪ್ರಬಂಧ, ಸಮ್ಮೇಳನದ ವರದಿ, ಪುಸ್ತಕದ ಅಧ್ಯಾಯ ಎಲ್ಲವನ್ನೂ ಬಾಚಿಕೊಳ್ಳುವುದರಿಂದ ಅದರ ಸಂಖ್ಯೆ ಸಾಮಾನ್ಯವಾಗಿ ದೊಡ್ಡದು. ಒಂದೇ ಲೇಖನದ ಎರಡು ದಾಖಲೆಗಳನ್ನು ಬೇರೆ ಬೇರೆ ಎಣಿಸುವುದೂ ಉಂಟು. ನಾನು ಮೂರನ್ನೂ ಪಕ್ಕಪಕ್ಕದಲ್ಲಿ ಬರೆದು, ಯಾವ ದಿನ ನೋಡಿದ್ದೆಂಬ ತಾರೀಖನ್ನು ಪ್ರತಿಯೊಂದರ ಕೆಳಗೆ ನಮೂದಿಸಿದೆ. ಸರಾಸರಿ ತೆಗೆಯುವುದು ಅರ್ಥಹೀನ.

ವೆಬ್ ಆಫ್ ಸೈನ್ಸ್‌ನಲ್ಲಿ ಆಕರಗಳನ್ನೇ ನೇರವಾಗಿ ಹುಡುಕುವ ಒಂದು ಸೌಲಭ್ಯವಿದೆ. ಹಳೆಯ ತಲೆಮಾರಿನವರ ಲೆಕ್ಕಕ್ಕೆ ಕೈಹಾಕುವವರು ಅದನ್ನು ಬಳಸದೆ ಇರಬಾರದು. ಟೈಪ್‌ರೈಟರಿನ ಕಾಲದಲ್ಲಿ ಒಬ್ಬರು ಸಂಪುಟದ ಸಂಖ್ಯೆಯ ಎರಡು ಅಂಕಿಗಳನ್ನು ಅದಲುಬದಲು ಮಾಡಿದರೆ, ಮುಂದಿನವರು ಮೂಲ ಲೇಖನವನ್ನು ತೆರೆಯದೆ ಅದೇ ತಪ್ಪನ್ನು ನಕಲು ಮಾಡುತ್ತಿದ್ದರು. ಹಾಗೆ ಹುಟ್ಟಿದ ತಪ್ಪು ಆಕರ ಡೇಟಾಬೇಸಿನಲ್ಲಿ ಸ್ವತಂತ್ರ ಪ್ರಬಂಧದ ಹಾಗೆ ನಿಂತು ತನ್ನದೇ ಉಲ್ಲೇಖಗಳನ್ನು ಸಂಪಾದಿಸುತ್ತದೆ, ಮೂಲದ ಲೆಕ್ಕಕ್ಕೆ ಸೇರುವುದಿಲ್ಲ. ಅವರ ಒಂದು ಪ್ರಬಂಧಕ್ಕೆ ಇಂಥ ಹಲವು ನೆರಳುಗಳಿದ್ದವು: ಒಂದರಲ್ಲಿ ಪುಟ ತಪ್ಪು, ಒಂದರಲ್ಲಿ ವರ್ಷ ಹಿಂದುಮುಂದು, ಇನ್ನೊಂದರಲ್ಲಿ ಎರಡನೆಯ ಮೊದಲಕ್ಷರ ನಾಪತ್ತೆ. ತಪ್ಪಿನ ಜಾಡು ಹಿಡಿದರೆ ಯಾರು ಯಾರಿಂದ ನಕಲು ಮಾಡಿದರು ಎಂಬುದೂ ತಿಳಿಯುತ್ತದೆ. ಅದು ನನ್ನ ಕೆಲಸದ ಭಾಗವಾಗಿರಲಿಲ್ಲವಾದರೂ ನೋಡದೆ ಇರಲಾಗಲಿಲ್ಲ.

ಇನ್ನು ವಿಂಗಡಣೆಯ ವಿಷಯ. ಇದಕ್ಕೆ ಆ ವಿಜ್ಞಾನದ ಒಳಹೊರಗನ್ನು ಸ್ವಲ್ಪವಾದರೂ ತಿಳಿಯಬೇಕಾಯಿತು. ಅವರ ಕೆಲಸ ಬಹುಪಾಲು ಗೊನಡೊಟ್ರೋಪಿನ್ ಬಿಡುಗಡೆ ಹಾರ್ಮೋನಿನ ರಿಸೆಪ್ಟರ್ ಕುರಿತದ್ದು. ಮೆದುಳಿನ ಹೈಪೊಥಲಾಮಸ್‌ನಿಂದ ಹೊರಟು ಪಿಟ್ಯುಟರಿ ಗ್ರಂಥಿಯನ್ನು ಪ್ರಚೋದಿಸುವ ಈ ಹಾರ್ಮೋನು ಹತ್ತೇ ಅಮೈನೋ ಆಮ್ಲಗಳ ಪೆಪ್ಟೈಡು. ಅದರ ರಚನೆ 1971ರಲ್ಲಿ ತಿಳಿಯಿತು. ಹೈಪೊಥಲಾಮಸ್‌ನ ಪೆಪ್ಟೈಡ್‌ಗಳ ಮೇಲಿನ ಕೆಲಸಕ್ಕಾಗಿ ರೋಜರ್ ಗಿಲ್ಮೆನ್ ಮತ್ತು ಆಂಡ್ರ್ಯೂ ಶಾಲಿ 1977ರ ನೊಬೆಲ್ ಪಡೆದರು, ಅತ್ಯಲ್ಪ ಹಾರ್ಮೋನನ್ನೂ ವಿಕಿರಣದ ಗುರುತಿನಿಂದ ಅಳೆಯುವ ರೇಡಿಯೋಇಮ್ಯುನೋಅಸ್ಸೇ ವಿಧಾನಕ್ಕಾಗಿ ರೊಸಲಿನ್ ಯಾಲೊ ಅದೇ ಬಹುಮಾನವನ್ನು ಹಂಚಿಕೊಂಡರು. ರಿಸೆಪ್ಟರ್‌ನ ಜೀನ್ ಕೈಗೆ ಸಿಗುವ ಮುನ್ನ ಅದನ್ನು ಅಳೆಯಲು ಇದ್ದ ದಾರಿ ಬಂಧನದ ಪರೀಕ್ಷೆ. ಇಲಿಯ ಪಿಟ್ಯುಟರಿಯಿಂದ ಕೋಶಪೊರೆಗಳನ್ನು ಬೇರ್ಪಡಿಸಿ, ಅಯೋಡಿನ್-125 ಅಂಟಿಸಿದ ಪೆಪ್ಟೈಡಿನೊಂದಿಗೆ ಮಂಜುಗಡ್ಡೆಯ ತಣ್ಪಿನಲ್ಲಿ ಇಟ್ಟು, ಸೋಸಿ, ಪೊರೆಗೆ ಅಂಟಿಕೊಂಡು ಉಳಿದ ವಿಕಿರಣವನ್ನು ಗಾಮಾ ಕೌಂಟರಿನಲ್ಲಿ ಎಣಿಸುತ್ತಾರೆ. ಗುರುತು ಹಾಕದ ಪೆಪ್ಟೈಡನ್ನು ಧಾರಾಳವಾಗಿ ಸುರಿದ ಮೇಲೂ ಅಂಟಿ ಉಳಿಯುವುದು ರಿಸೆಪ್ಟರ್‌ಗೆ ಸಂಬಂಧಪಟ್ಟದ್ದಲ್ಲ, ಆದ್ದರಿಂದ ಅದನ್ನು ಕಳೆಯಬೇಕು. ಸಹಜ ಹಾರ್ಮೋನನ್ನೇ ಬಳಸಿದರೆ ಪೊರೆಯಲ್ಲಿರುವ ಕಿಣ್ವಗಳು ಅದನ್ನು ಬೇಗ ಕತ್ತರಿಸುತ್ತವೆ. ಹೀಗಾಗಿ ಆರನೆಯ ಸ್ಥಾನದ ಗ್ಲೈಸೀನ್ ತೆಗೆದು ಡಿ-ಅಮೈನೋ ಆಮ್ಲ ಕೂರಿಸಿದ, ಹೆಚ್ಚು ಕಾಲ ಬಾಳುವ ಮತ್ತು ಬಿಗಿಯಾಗಿ ಹಿಡಿದುಕೊಳ್ಳುವ ಕೃತಕ ಪೆಪ್ಟೈಡುಗಳು ಬಳಕೆಗೆ ಬಂದವು. ಅಯೋಡಿನ್-125ರ ಅರ್ಧಾಯುಷ್ಯ ಸುಮಾರು 60 ದಿನ. ಸಾಮಗ್ರಿ ಬಂದ ವಾರಗಳಲ್ಲೇ ಪ್ರಯೋಗಗಳು ಮುಗಿಯಬೇಕು ಎಂಬ ಒತ್ತಡ ಆ ಕಾಲದ ಪ್ರತಿ ಪ್ರಯೋಗಾಲಯದಲ್ಲೂ ಇತ್ತಂತೆ.

ಆ ಕಾಲದ ಯಾವುದಾದರೂ ಬಂಧನ ಪ್ರಬಂಧದ ಕೊನೆಯ ಪುಟ ತೆರೆದರೆ ಕೆಲವು ಆಕರಗಳು ಹೆಚ್ಚುಕಡಿಮೆ ಖಾಯಂ. ಪ್ರೋಟೀನಿನ ಪ್ರಮಾಣ ಅಳೆದದ್ದಕ್ಕೆ 1951ರ ಲೌರಿ. ಅಯೋಡಿನ್ ಅಂಟಿಸಿದ್ದಕ್ಕೆ 1962ರ ಹಂಟರ್ ಮತ್ತು ಗ್ರೀನ್‌ವುಡ್. ಬಂಧನದ ನಕ್ಷೆಗೆ 1949ರ ಸ್ಕ್ಯಾಚರ್ಡ್. ಪೈಪೋಟಿಯ ಪ್ರಯೋಗದಿಂದ ಬಂಧನ ಸ್ಥಿರಾಂಕ, ಅಂದರೆ ಹಿಡಿತ ಎಷ್ಟು ಬಿಗಿ ಎಂಬುದರ ಅಳತೆ, ಕಂಡುಕೊಂಡದ್ದಕ್ಕೆ 1973ರ ಚೆಂಗ್ ಮತ್ತು ಪ್ರುಸೋಫ್. ಇಡೀ ವಿಜ್ಞಾನ ಸಾಹಿತ್ಯದಲ್ಲೇ ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧವೆಂದರೆ ಲೌರಿಯವರ ಈ ಪ್ರೋಟೀನ್ ಅಳತೆಯ ವಿಧಾನ. ಮೂರು ಲಕ್ಷಕ್ಕೂ ಹೆಚ್ಚು ಬಾರಿ ಅದನ್ನು ಉಲ್ಲೇಖಿಸಲಾಗಿದೆ. ಅದು ತಮ್ಮ ಶ್ರೇಷ್ಠ ಕೆಲಸವೆಂದು ಸ್ವತಃ ಲೌರಿಯವರೇ ಭಾವಿಸಿರಲಿಲ್ಲ. ನಮ್ಮ ಈ ವಿಜ್ಞಾನಿಯ ಪಟ್ಟಿಯಲ್ಲೂ ತಲೆಯ ಮೇಲೆ ನಿಂತದ್ದು ವಿಧಾನದ ಪ್ರಬಂಧವೇ, ಅಂದರೆ ಅತಿ ಕಡಿಮೆ ಅಂಗಾಂಶದಿಂದ ಪೊರೆ ಸಿದ್ಧಪಡಿಸುವ ಕ್ರಮ. ಅದನ್ನು ತೋರಿಸಿದಾಗ ಅವರು ನಕ್ಕು, "ಅದು ಅಡಗೀ ಪುಸ್ತಕಾರೀ, ಊಟ ಬ್ಯಾರೆ ಅದ" ಎಂದರು. ಅವರ ಮನಸ್ಸಿಗೆ ಹತ್ತಿರವಾಗಿದ್ದದ್ದು ಪಟ್ಟಿಯಲ್ಲಿ ಬಹಳ ಕೆಳಗಿದ್ದ ಒಂದು ನೇತ್ಯಾತ್ಮಕ ಫಲಿತಾಂಶ: ಒಂದು ಅಂಗಾಂಶದಲ್ಲಿ ತಾವು ಮೊದಲು ಕಂಡ ಬಂಧನ ನಿಜವಾದ ರಿಸೆಪ್ಟರ್‌ನದ್ದಲ್ಲ ಎಂದು ತೋರಿಸಿದ ಪ್ರಬಂಧ. ಒಂದು ವಸ್ತು ಇಲ್ಲವೆಂದು ತೋರಿಸಿದ ಮೇಲೆ ಜನ ಆ ದಾರಿಯಲ್ಲಿ ಹೋಗುವುದನ್ನೇ ಬಿಡುತ್ತಾರೆ, ಹೋಗದವರು ಉಲ್ಲೇಖಿಸುವುದೂ ಇಲ್ಲ. ಉಳಿಸಿದ ಶ್ರಮ ಯಾವ ಸೂಚಿಯಲ್ಲೂ ದಾಖಲಾಗುವುದಿಲ್ಲ.

ಉಲ್ಲೇಖಿಸಿದ ಲೇಖನಗಳನ್ನು ತೆರೆದು, ಉಲ್ಲೇಖ ಬಂದ ವಾಕ್ಯವನ್ನು ಮತ್ತು ಅದರ ಹಿಂದುಮುಂದಿನ ವಾಕ್ಯಗಳನ್ನು ಓದುತ್ತ ಹೋದೆ. ವಿಧಾನವನ್ನು ಎರವಲು ಪಡೆದವರು ಒಂದು ಗುಂಪು. ಬಂಧನ ಸ್ಥಿರಾಂಕವನ್ನೋ, ಒಂದು ಮಿಲಿಗ್ರಾಂ ಪ್ರೋಟೀನಿಗೆ ಎಷ್ಟು ರಿಸೆಪ್ಟರ್ ಎಂಬ ಸಂಖ್ಯೆಯನ್ನೋ ತೆಗೆದುಕೊಂಡು ತಮ್ಮದರೊಡನೆ ಹೋಲಿಸಿದವರು ಇನ್ನೊಂದು ಗುಂಪು. ನನ್ನ ಪ್ರಕಾರ ಎಲ್ಲಕ್ಕಿಂತ ಬೆಲೆಯುಳ್ಳ ಉಲ್ಲೇಖ ಇದೇ, ಏಕೆಂದರೆ ಇಲ್ಲಿ ಒಬ್ಬರ ಅಳತೆಯನ್ನು ಮತ್ತೊಬ್ಬರು ಬೇರೆ ಊರಿನಲ್ಲಿ, ಬೇರೆ ಕೈಗಳಲ್ಲಿ ಪರೀಕ್ಷಿಸಿ ನೋಡಿರುತ್ತಾರೆ. ವಾದಕ್ಕೆ ಇಳಿದವರು ಮೂರನೆಯ ಗುಂಪು. ಸ್ಕ್ಯಾಚರ್ಡ್ ನಕ್ಷೆಯಿಂದ ರಿಸೆಪ್ಟರ್‌ಗಳ ಸಂಖ್ಯೆಯನ್ನು ಅಳತೆಯ ವ್ಯಾಪ್ತಿಗೂ ಮೀರಿ ಊಹಿಸುವುದನ್ನು ಇರ್ವಿಂಗ್ ಕ್ಲಾಟ್ಸ್ 1982ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಕಟುವಾಗಿ ವಿಮರ್ಶಿಸಿದ ಮೇಲೆ ಈ ಕ್ಷೇತ್ರದ ಹಳೆಯ ಸಂಖ್ಯೆಗಳಿಗೆಲ್ಲ ಪ್ರಶ್ನೆ ಎದುರಾಯಿತು; ನಮ್ಮ ವಿಜ್ಞಾನಿಯ ಎರಡು ಆರಂಭಿಕ ಪ್ರಬಂಧಗಳೂ ಆ ಚರ್ಚೆಗೆ ಬಂದವು. ಟೀಕಿಸಲು ಉಲ್ಲೇಖಿಸಿದರೂ ಯಂತ್ರ ಅದನ್ನು ಒಂದೆಂದೇ ಎಣಿಸುತ್ತದೆ. ನಾನು ಅವನ್ನು ಪ್ರತ್ಯೇಕವಾಗಿ ತೋರಿಸಿದೆ, ಮುಚ್ಚಿಡಲಿಲ್ಲ. ಟೀಕೆಗೆ ಯೋಗ್ಯವಾಗುವುದೂ ಕ್ಷೇತ್ರದಲ್ಲಿ ಇದ್ದುದರ ಗುರುತೇ. ಕೊನೆಯದು ಎಲ್ಲಕ್ಕಿಂತ ದೊಡ್ಡ ಗುಂಪು: "ಈ ವಿಷಯದ ಮೇಲೆ ಹಲವರು ಕೆಲಸ ಮಾಡಿದ್ದಾರೆ" ಎಂಬ ಒಂದೇ ವಾಕ್ಯದ ಬಾಲಕ್ಕೆ ಕಟ್ಟಿದ ಆಕರಗಳ ಸರಮಾಲೆ. ಪೀಠಿಕೆಯಲ್ಲಿ ಬರುವ ಇಂಥ ಉಲ್ಲೇಖಗಳಿಂದ ಏನನ್ನೂ ಸಾಧಿಸಿ ತೋರಿಸಲು ಬರುವುದಿಲ್ಲ.

ಕಾಲದ ಜೊತೆ ಶಬ್ದಗಳೂ ಬದಲಾದದ್ದು ಹುಡುಕಾಟವನ್ನು ಕಠಿಣಗೊಳಿಸಿತು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಈ ಹಾರ್ಮೋನನ್ನು ಎಲ್‌ಎಚ್‌ಆರ್‌ಎಚ್ ಎಂದು ಬರೆಯುವುದು ಸಾಮಾನ್ಯವಾಗಿತ್ತು, ಆಮೇಲೆ ಜಿಎನ್‌ಆರ್‌ಎಚ್ ಎಂಬುದು ನೆಲೆಗೊಂಡಿತು. ರಿಸೆಪ್ಟರ್‌ನ ಜೀನನ್ನು 1992ರಲ್ಲಿ ಪ್ರತ್ಯೇಕಿಸಿದ ನಂತರ ಜನ ಜೀನಿನ ಸಂಕೇತದಿಂದ ಬರೆಯತೊಡಗಿದರು. ಅದಕ್ಕೆ ಮುಂಚಿನ ಪ್ರಬಂಧಗಳ ಶೀರ್ಷಿಕೆಗಳಲ್ಲಿ "ಬಂಧನ ಸ್ಥಾನಗಳು" ಎಂದಷ್ಟೇ ಇರುತ್ತಿತ್ತು. ಒಂದು ಹೆಸರಿನಿಂದ ಹುಡುಕಿದವರಿಗೆ ಅರ್ಧ ಇತಿಹಾಸವಷ್ಟೇ ಸಿಗುತ್ತದೆ. ಜೀನ್ ಸಿಕ್ಕ ಮೇಲೆ ಅವರ ಹಳೆಯ ಪ್ರಬಂಧಗಳ ವಾರ್ಷಿಕ ಉಲ್ಲೇಖಗಳು ಇಳಿಮುಖವಾದದ್ದನ್ನು ನೋಡಿ, ಕೆಲಸ ಹಳತಾಯಿತೆಂದು ಸಮಿತಿಯವರು ತಿಳಿಯಬಹುದೆಂಬ ಆತಂಕ ನನಗಿತ್ತು. ಓದಿ ನೋಡಿದರೆ ಸಂಗತಿ ಬೇರೆಯೇ ಇತ್ತು. ಆ ಜೀನ್ ಸೇರಿಸಿದ ಕೋಶಗಳಲ್ಲಿ ಹೊಸದಾಗಿ ತಯಾರಾದ ರಿಸೆಪ್ಟರ್ ಸಹಜವಾದದ್ದರಂತೆಯೇ ಹಿಡಿದುಕೊಳ್ಳುತ್ತದೆಯೇ ಎಂದು ಒರೆಗೆ ಹಚ್ಚಲು ಹಳೆಯ ಬಂಧನ ಸ್ಥಿರಾಂಕಗಳೇ ಅಳತೆಗೋಲಾಗಿದ್ದವು. ಆದರೆ ಅವುಗಳನ್ನು ತೆಗೆದುಕೊಂಡವರು ಮೂಲ ಪ್ರಬಂಧಗಳ ಬದಲು ಆ ಅಂಕಿಗಳನ್ನು ಕೋಷ್ಟಕವಾಗಿ ಮರುಮುದ್ರಿಸಿದ ಸಮೀಕ್ಷಾ ಲೇಖನಗಳನ್ನು ಉಲ್ಲೇಖಿಸುತ್ತಿದ್ದರು. ಒಂದು ಶೋಧ ಎಲ್ಲರ ತಿಳಿವಳಿಕೆಯ ಭಾಗವಾದಾಗ ಅದರ ಮೂಲ ಅಳಿಸಿಹೋಗುತ್ತದೆ ಎಂದು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಗುರುತಿಸಿದ್ದು ಇದನ್ನೇ. ಇಂಥ ಪರೋಕ್ಷ ಬಳಕೆಯನ್ನು ಉಲ್ಲೇಖಗಳ ಮೊತ್ತಕ್ಕೆ ಸೇರಿಸುವುದು ಸರಿಯಲ್ಲ. ಆದ್ದರಿಂದ ಉದಾಹರಣೆಗಳಾಗಿ ಮಾತ್ರ, ಕೋಷ್ಟಕದ ಸಂಖ್ಯೆ ಸಹಿತ, ಟಿಪ್ಪಣಿಯಲ್ಲಿ ಕೊಟ್ಟೆ.

ಎಚ್-ಇಂಡೆಕ್ಸ್ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಭೌತವಿಜ್ಞಾನಿ ಜಾರ್ಜ್ ಹಿರ್ಷ್ 2005ರಲ್ಲಿ ಸೂಚಿಸಿದ ಈ ಅಳತೆಯಂತೆ, ಕನಿಷ್ಠ 20 ಬಾರಿ ಉಲ್ಲೇಖಗೊಂಡ 20 ಪ್ರಬಂಧಗಳಿದ್ದರೆ ಎಚ್ 20. ಒಂದೇ ಪ್ರಬಂಧಕ್ಕೆ ಉಲ್ಲೇಖಗಳು ಎಷ್ಟೇ ಬೆಳೆದರೂ ಈ ಸಂಖ್ಯೆ ಅಲ್ಲಾಡುವುದಿಲ್ಲ, ವಯಸ್ಸಾದಂತೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ, ಗಣಿತದವರದನ್ನು ಜೀವರಸಾಯನದವರದರೊಡನೆ ಹೋಲಿಸಲು ಬರುವುದಿಲ್ಲ. ಸ್ವಂತ ಉಲ್ಲೇಖಗಳನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ಹಾಕಿ ಎರಡನ್ನೂ ಬರೆದೆ. ಸ್ವಂತ ಉಲ್ಲೇಖವೆಂದರೆ ಏನೋ ಕಳ್ಳತನವೆಂಬಂತೆ ನೋಡುವವರಿದ್ದಾರೆ. ಒಂದೇ ರಿಸೆಪ್ಟರನ್ನು ದಶಕಗಟ್ಟಲೆ ಬೆನ್ನುಹತ್ತಿದವರು ತಮ್ಮದೇ ಹಿಂದಿನ ಅಳತೆಯನ್ನು ಹೆಸರಿಸದೆ ಮುಂದಿನದನ್ನು ಬರೆಯುವುದು ಹೇಗೆಂದು ನನಗೆ ತಿಳಿಯದು.

ಖಾಲಿ ಬಿಟ್ಟ ನಾಲ್ಕನೆಯ ಅಂಕಣದ ಬಗ್ಗೆ ಪುರಸ್ಕಾರದ ಕಚೇರಿಯಿಂದ ಫೋನು ಬಂತು. ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬುದು ಜರ್ನಲ್ಲಿನ ಅಳತೆ: ಹಿಂದಿನ ಎರಡು ವರ್ಷಗಳಲ್ಲಿ ಅದು ಪ್ರಕಟಿಸಿದ ಬರಹಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನು, ಆ ಎರಡು ವರ್ಷಗಳ ಲೇಖನಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವ ಸರಾಸರಿ. ಬೇರೆ ಬೇರೆ ಜರ್ನಲ್‌ಗಳ ಸರಾಸರಿಗಳನ್ನು ಕೂಡಿಸಿ ಒಬ್ಬ ವ್ಯಕ್ತಿಯ ಹಣೆಗೆ ಅಂಟಿಸುವುದಕ್ಕೆ ಯಾವ ಆಧಾರವೂ ಇಲ್ಲ. ಸಂಶೋಧನೆಯ ಮೌಲ್ಯಮಾಪನದ ಬಗ್ಗೆ ಹೊರಟ 2013ರ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆಯೂ 2015ರ ಲೈಡನ್ ಪ್ರಣಾಳಿಕೆಯೂ ಬಿಡಿ ಸಂಶೋಧಕರನ್ನು ಇಂಥ ಅಂಕಿಗಳಿಂದ ತೂಗಬಾರದೆಂದೇ ಹೇಳಿವೆ. ಫೋನಿನಲ್ಲಿದ್ದವರು ತಾಳ್ಮೆಯಿಂದ ಕೇಳಿಸಿಕೊಂಡು, "ಅದು ಸರಿ ಮೇಡಂ, ಆದರೆ ಅಂಕಣ ಖಾಲಿ ಇದ್ದರೆ ಕಂಪ್ಯೂಟರ್ ಮುಂದಕ್ಕೆ ಹೋಗುವುದಿಲ್ಲ" ಎಂದರು. ಸೊನ್ನೆ ಹಾಕಿ, ಲಗತ್ತು ನೋಡುವುದು ಎಂದು ಬರೆದು ಕಳಿಸಿದೆ.

ಕರಡನ್ನು ತೋರಿಸಲು ಮಾಟುಂಗಾದ ಅವರ ಮನೆಗೆ ಹೋದಾಗ ಅವರು ಒಳಗಿನಿಂದ ರಟ್ಟಿನ ಪೆಟ್ಟಿಗೆಯೊಂದನ್ನು ತಂದಿಟ್ಟರು. ಅದರ ತುಂಬ ಪ್ರಬಂಧದ ಪ್ರತಿ ಕೋರಿ ಬಂದ ಅಂಚೆ ಕಾರ್ಡುಗಳು. ಗಾರ್ಫೀಲ್ಡರ ಸಂಸ್ಥೆಯೇ ಪ್ರತಿ ವಾರ ಹೊರತರುತ್ತಿದ್ದ ಕರೆಂಟ್ ಕಂಟೆಂಟ್ಸ್ ಎಂಬ ಕಿರುಹೊತ್ತಗೆಯಲ್ಲಿ ಜರ್ನಲ್‌ಗಳ ಪರಿವಿಡಿಯೂ ಲೇಖಕರ ವಿಳಾಸವೂ ಇರುತ್ತಿದ್ದವು. ಜರ್ನಲ್ ತರಿಸಲಾಗದವರು ಅದನ್ನು ನೋಡಿ ಲೇಖಕರಿಗೇ ಕಾರ್ಡು ಬರೆಯುತ್ತಿದ್ದರು. ಅಚ್ಚಾದ ಒಕ್ಕಣೆಯ ನಡುವಿನ ಚುಕ್ಕೆಗಳ ಮೇಲೆ ಸಂಪುಟ, ಪುಟ, ವರ್ಷಗಳನ್ನು ಟೈಪ್ ಮಾಡಿರುತ್ತಿದ್ದರು. ಪ್ರತಿ ಕಳಿಸಿದ ತಾರೀಖನ್ನು ಇವರು ನೀಲಿ ಪೆನ್ಸಿಲಿನಲ್ಲಿ ಮೂಲೆಯಲ್ಲಿ ಗುರುತು ಹಾಕಿಟ್ಟಿದ್ದರು. ಬುಡಾಪೆಸ್ಟ್, ಪ್ರಾಗ್, ವಾರ್ಸಾಗಳ ಕಾರ್ಡುಗಳು ಬಹಳ. ಅವರ ನೆಚ್ಚಿನ ನೇತ್ಯಾತ್ಮಕ ಪ್ರಬಂಧಕ್ಕೂ ಒಂದು ದಪ್ಪ ಕಟ್ಟೇ ಇತ್ತು. ಓದಿದವರಿದ್ದರು, ಉಲ್ಲೇಖಿಸಿದವರು ಕಡಿಮೆ ಎಂಬುದಕ್ಕೆ ನನಗೆ ಸಿಕ್ಕ ಲಿಖಿತ ಸಾಕ್ಷಿ ಅದೊಂದೇ. ಕೆಲವನ್ನು ಸ್ಕ್ಯಾನ್ ಮಾಡಿ, ಕಳಿಸಿದವರ ವಿಳಾಸ ಮುಚ್ಚಿ ಲಗತ್ತಿಗೆ ಸೇರಿಸಿದೆ.

ಕರಡನ್ನು ಅವರು ಪೂರ್ತಿ ಓದಿದರು. ಸಂಖ್ಯೆಗಳ ಬಗ್ಗೆ ಏನೂ ಹೇಳಲಿಲ್ಲ. ಪ್ರತಿ ಪ್ರಬಂಧದ ಎದುರು ಪೆನ್ಸಿಲಿನಲ್ಲಿ ಒಂದೊಂದು ಹೆಸರು ಬರೆಯುತ್ತ ಹೋದರು: ಬಂಧನದ ಪ್ರಯೋಗ ಮಾಡಿದವರು ಯಾರು, ಪೆಪ್ಟೈಡ್ ಶುದ್ಧಮಾಡಿದವರು ಯಾರು, ಲೆಕ್ಕ ಹಾಕಿದವರು ಯಾರು. ಲೇಖಕರ ಸಾಲಿನಲ್ಲಿ ಮೂರನೆಯವರೋ ನಾಲ್ಕನೆಯವರೋ ಆಗಿದ್ದ ಆ ಸಹಲೇಖಕಿಯ ಹೆಸರು ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧದ ಎದುರಿಗೂ ಬಂತು. "ಪೊರೀ ಮಾಡೂದು ಆಕೀದು. ನಾ ಬರದೆ ಅಷ್ಟ. ಇದನ್ನ ಹಾಕ್ರಿ" ಎಂದರು. ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲವಾದ್ದರಿಂದ ನನ್ನ ಹಾಳೆಗಳಲ್ಲೇ ಇನ್ನೊಂದು ಅಂಕಣ ಎಳೆದು ಸೇರಿಸಿದೆ. ಅವರ ಒಪ್ಪಿಗೆ ಪಡೆದು ಆ ಹಾಳೆಗಳ ಪ್ರತಿಯನ್ನು ಈಗ ಮೈಸೂರಿನಲ್ಲಿ ನೆಲೆಸಿರುವ ಸಹಲೇಖಕಿಗೆ ಕಳಿಸಿದ್ದೇನೆ. ಹಲವು ಹೆಸರುಗಳಲ್ಲಿ ಹಂಚಿಹೋದ ತಮ್ಮ ಪ್ರಕಟಣೆಗಳನ್ನು ಒಂದು ಆರ್ಕಿಡ್ ಸಂಖ್ಯೆಯಡಿ ತರಲು ಅವರು ಒಪ್ಪಿದ್ದಾರೆ. ಮದುವೆಗೆ ಮುಂಚಿನ ಪ್ರಬಂಧಗಳ ಮೊದಲ ಪುಟಗಳ ಪ್ರತಿಗಳು ಅಂಚೆಯಲ್ಲಿ ಬರಬೇಕಾಗಿವೆ.